ಬಿ ಸೈಡಿನ ಕಡಲು

1982ರ ಏಪ್ರಿಲಿನಲ್ಲಿ ಭಾವ ಬಹರೈನಿನಿಂದ ರಜೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಒಂದು ನ್ಯಾಷನಲ್ ಪ್ಯಾನಸೋನಿಕ್ ಟೂ-ಇನ್-ವನ್ ಇತ್ತು. ಅಕ್ಕನಿಗೆ ಎರಡು ನೈಲೆಕ್ಸ್ ಸೀರೆ, ಅಮ್ಮನಿಗೆ ಟೈಗರ್ ಬಾಮ್, ಮತ್ತೆ ಹನ್ನೆರಡು ಕ್ಯಾಸೆಟ್ಟು. ಹನ್ನೊಂದು ಹಿಂದಿ ಸಿನಿಮಾದವು. ಹನ್ನೆರಡನೆಯದರ ಕಾಗದದ ಮೇಲೆ ಭೂಮಿಯ ಚಿತ್ರ. ಕಿತ್ತಳೆ ಸುಲಿದ ಹಾಗೆ ಭೂಮಿಯ ಸಿಪ್ಪೆ ಒಂದು ಕಡೆ ಸುಲಿದಿತ್ತು, ಒಳಗಿಂದ ತಲೆಬುರುಡೆ ಇಣುಕುತ್ತಿತ್ತು. "ಅಂಗ್ಡಿಯವ ಚಿಲ್ರೆ ಇಲ್ಲ ಅಂದ್ಹೇಳಿ ಕೊಟ್ಟದ್ದ್, ನಿಂಗೆ ಬೇಕಾರೆ ಇಟ್ಕೊ" ಎಂದರು ಭಾವ.

ನಾನಾಗ ಪಿಯುಸಿ ಮುಗಿಸಿ ಕೂತಿದ್ದೆ. ನಮ್ಮ ಮನೆ ಕುಂದಾಪುರದ ಕೋಡಿಯಲ್ಲಿ, ಕಡಲಿಗೆ ಕೂಗಳತೆ. ರಾತ್ರಿ ಊಟವಾದ ಮೇಲೆ ಆ ಕ್ಯಾಸೆಟ್ ಹಾಕಿದೆ. ಗಾಳಿ ಏಳುವಂಥ ಸದ್ದು ಬಂತು. ಅದರ ಹಿಂದಿನಿಂದ ದಪ್ಪನೆಯ ಶ್ರುತಿಯೊಂದು ತೇಲಿ ಬಂತು. ನಿಂತಲ್ಲೇ ನಿಂತಂತೆ, ಒಳಗೊಳಗೇ ಸುತ್ತುತ್ತಿದ್ದಂತೆ. ಅಮ್ಮ ಐದು ನಿಮಿಷ ಕಾದಳು. ಯಕ್ಷಗಾನ ನೋಡಿ ಬೆಳೆದವಳು, ಶ್ರುತಿ ಹಿಡಿದ ಮೇಲೆ ಭಾಗವತರು ಬಾಯಿ ತೆರೆಯಲೇಬೇಕು ಎಂದು ನಂಬಿದವಳು. ಕೊನೆಗೆ ಕೇಳಿದಳು: "ಪದ್ಯ ಶುರು ಆಪ್ದ್ ಯಾವಾಗ?"

ಪದ್ಯ ಶುರುವಾಗಲೇ ಇಲ್ಲ. ಸುಮಾರು ನಲವತ್ತು ನಿಮಿಷ, ಆರು ಭಾಗ, ಹಾಡುವವರಿಲ್ಲ. ಭಾಗಗಳಿಗೆ ಹೆಸರೂ ಇಲ್ಲ, ಬರೀ ಒಂದು, ಎರಡು, ಮೂರು. ಅದು ಫ್ರಾನ್ಸಿನ ಝಾಂ-ಮಿಷೆಲ್ ಝಾರ್ ಅವರ ‘ಆಕ್ಸಿಜೆನ್’. ಆ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ವರ್ಷಗಳು ಹಿಡಿದವು. ಆದರೆ ಆ ಮಳೆಗಾಲ ಮುಗಿಯುವುದರೊಳಗೆ ಎರಡು ಸೈಡೂ ಬಾಯಿಪಾಠವಾಗಿತ್ತು. ಇದನ್ನು ಮನುಷ್ಯರು ನುಡಿಸಿಲ್ಲ, ಯಂತ್ರಗಳು ತಾವೇ ನುಡಿದುಕೊಂಡಿವೆ ಎಂದು ನಾನು ನಂಬಿದ್ದೆ. ಅದಕ್ಕೇ ಅದು ಪ್ರಿಯವಾಗಿತ್ತು. ನಮ್ಮೂರಿನ ಎಣ್ಣೆದೀಪ, ಹಂಚಿನ ಮಾಡು, ಮೀನಿನ ಬುಟ್ಟಿ ಇವೆಲ್ಲದರಿಂದ ಬಹಳ ದೂರದ, ಇನ್ನೂ ಬಾರದ ಒಂದು ಕಾಲದ ಸದ್ದು ಎಂದು ಅದನ್ನು ಕಿವಿಗೆ ಹಚ್ಚಿಕೊಂಡೆ.

ಮುಂದೆ ನಾನು ಹಿಡಿದ ಕಸುಬೂ ಆ ಟೂ-ಇನ್-ವನ್ನಿನಿಂದಲೇ ಬಂತು. 1986ರಲ್ಲಿ ಶಾಸ್ತ್ರಿ ಸರ್ಕಲ್ಲಿನ ಹತ್ತಿರ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟೆ. ಹೆಡ್ ಕ್ಲೀನ್ ಮಾಡುವುದು, ಸಡಿಲಾದ ಬೆಲ್ಟ್ ಬದಲಿಸುವುದು, ಪಿಂಚ್ ರೋಲರ್ ಉಜ್ಜುವುದು ನನ್ನ ದಿನದ ಕೆಲಸ. ಈ ಆಲ್ಬಮ್ ಹುಟ್ಟಿದ ಬಗೆ ಮುಂದೆ ಓದಿ ತಿಳಿದಾಗ ಅದು ನನಗೆ ಸಂಗೀತದ ಕತೆಗಿಂತ ಕಸುಬಿನ ಕತೆಯಾಗಿಯೇ ಹೆಚ್ಚು ತಟ್ಟಿತು.

ಝಾರ್ ಹುಟ್ಟಿದ್ದು 1948ರ ಆಗಸ್ಟ್ 24ರಂದು, ಲಿಯೋನ್ ನಗರದಲ್ಲಿ. ಅದೇ ವರ್ಷ ಪ್ಯಾರಿಸಿನಲ್ಲಿ ಪಿಯೆರ್ ಶೆಫರ್ ಎಂಬ ರೇಡಿಯೋ ಎಂಜಿನಿಯರ್ ರೈಲಿನ ಸದ್ದುಗಳನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿ, ಇದೂ ಸಂಗೀತವೇ ಎಂದು ರೇಡಿಯೋದಲ್ಲಿ ಬಿತ್ತರಿಸಿದರು. ಝಾರ್ ಅವರ ತಂದೆ ಮೊರೀಸ್ ಝಾರ್ ಹೆಸರಾಂತ ಸಿನಿಮಾ ಸಂಗೀತಗಾರ. ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕೆ ಆಸ್ಕರ್ ಪಡೆದವರು. ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳ ನಡುವೆ ಡೇವಿಡ್ ಲೀನ್ ಚಿತ್ರೀಕರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಸಂಗೀತ ಕೊಟ್ಟವರೂ ಅವರೇ. ಅದಕ್ಕೂ ಆಸ್ಕರ್ ಬಂತು. ಆದರೆ ಮಗ ಐದು ವರ್ಷದವನಿದ್ದಾಗಲೇ ತಂದೆ ಮನೆ ಬಿಟ್ಟು ಅಮೆರಿಕಕ್ಕೆ ಹೋಗಿದ್ದರು. ಹುಡುಗನ ಕೈಗೆ ಮೊದಲ ಟೇಪ್‌ರೆಕಾರ್ಡರ್ ಕೊಟ್ಟದ್ದು ಅಜ್ಜ ಆಂದ್ರೆ ಝಾರ್. ಓಬೋ ನುಡಿಸುತ್ತಿದ್ದ ಆ ಅಜ್ಜ ಎಂಜಿನಿಯರೂ ಹೌದು. ಲಿಯೋನ್ ರೇಡಿಯೋಗೆ ಧ್ವನಿ ಮಿಕ್ಸರ್ ಮಾಡಿಕೊಟ್ಟವರು. ತಂದೆಯ ಆಸ್ಕರಿಗಿಂತ ಅಜ್ಜನ ಟೇಪ್‌ರೆಕಾರ್ಡರೇ ಈ ಆಲ್ಬಮ್ಮಿನ ಮೂಲ ಎಂದು ನನ್ನ ಎಣಿಕೆ.

ಅರವತ್ತರ ದಶಕದ ಕೊನೆಗೆ ಝಾರ್ ಹೋಗಿ ಸೇರಿದ್ದು ಶೆಫರ್ ಕಟ್ಟಿದ ಸಂಗೀತ ಸಂಶೋಧನಾ ಬಳಗಕ್ಕೆ. ಸ್ವರಕ್ಕೆ ಮೊದಲು ಸದ್ದು ಎಂಬ ಪಾಠ ಅಲ್ಲಿ ಸಿಕ್ಕಿತು. ಆದರೆ ಅಲ್ಲಿಯವರಿಗೆ ರಾಗವೆಂದರೆ ಸಂಕೋಚ, ತಾಳವೆಂದರೆ ಅನುಮಾನ. ಝಾರ್ ಹೊರಬಂದರು. ಬೇರೆ ಗಾಯಕರಿಗೆ ಹಾಡು ಬರೆದರು, ಒಂದು ಸಿನಿಮಾಕ್ಕೆ ಸಂಗೀತ ಮಾಡಿದರು. ಬಳಗ ಬಿಟ್ಟರೂ ಗುರುವನ್ನು ಬಿಡಲಿಲ್ಲ. 1995ರಲ್ಲಿ ಶೆಫರ್ ತೀರಿಕೊಂಡರು; ಎರಡು ವರ್ಷದ ಬಳಿಕ ‘ಆಕ್ಸಿಜೆನ್’ನ ಮುಂದುವರಿಕೆಯಾಗಿ ಹೊರಬಂದ ಏಳರಿಂದ ಹದಿಮೂರನೇ ಭಾಗಗಳ ಆಲ್ಬಮ್ಮನ್ನು ಝಾರ್ ಆ ಗುರುವಿಗೇ ಅರ್ಪಿಸಿದರು.

‘ಆಕ್ಸಿಜೆನ್’ ತಯಾರಾದದ್ದು 1976ರ ಆಗಸ್ಟಿನಿಂದ ನವೆಂಬರಿನವರೆಗೆ, ಪ್ಯಾರಿಸಿನ ಅವರ ವಾಸದ ಮನೆಯಲ್ಲೇ. ದೊಡ್ಡ ಸ್ಟುಡಿಯೋ ಇಲ್ಲ. ಅಡುಗೆ ಮಾಡಿ ಉಣ್ಣುವ ಜಾಗದಲ್ಲಿ ವಾದ್ಯ ಹರಡಿಕೊಂಡು, ಎಂಟು ಟ್ರ್ಯಾಕಿನ ಒಂದು ಸ್ಕಲ್ಲಿ ಟೇಪ್ ಯಂತ್ರ ಇಟ್ಟುಕೊಂಡು ಮಾಡಿದ ಕೆಲಸ. ಎಂಟು ಟ್ರ್ಯಾಕ್ ಎಂದರೆ ಏನೆಂದು ಇಂದಿನ ಹುಡುಗರಿಗೆ ಹೇಳಬೇಕು. ಒಂದೇ ಟೇಪಿನ ಅಗಲದಲ್ಲಿ ಎಂಟು ಓಣಿಗಳು. ಒಂದು ಓಣಿಯಲ್ಲಿ ಶ್ರುತಿ, ಒಂದರಲ್ಲಿ ತಾಳ, ಒಂದರಲ್ಲಿ ರಾಗ. ಎಂಟೂ ತುಂಬಿದರೆ ಕೆಲವನ್ನು ಒಟ್ಟು ಸೇರಿಸಿ ಒಂದೇ ಓಣಿಗೆ ಹಾಕಬೇಕು, ಹಾಗೆ ಸೇರಿಸಿದ್ದನ್ನು ಮತ್ತೆ ಬಿಡಿಸಲಾಗದು. ಕಂಪ್ಯೂಟರಿನಲ್ಲಿ ಇಂದು ನೂರು ಓಣಿ ಸಿಗುತ್ತವೆ, ಬೇಡದ್ದನ್ನು ಅಳಿಸಬಹುದು. ಅಲ್ಲಿ ತೀರ್ಮಾನ ಮಾಡಿಯೇ ಮುಂದೆ ಹೋಗಬೇಕಿತ್ತು.

ಇನ್ನು ವಾದ್ಯಗಳು. ನನ್ನನ್ನು ಹದಿನೆಂಟರಲ್ಲಿ ಸೆಳೆದ ಆ ತೇಲುವ ಶ್ರುತಿ ಬಂದದ್ದು ಎಮಿನೆಂಟ್ 310 ಎಂಬ ಡಚ್ ಆರ್ಗನ್ನಿನಿಂದ. ಮನೆಯಲ್ಲಿ ಸಂಜೆ ಹೊತ್ತು ಕೂತು ನುಡಿಸಲು ಮಾಡಿದ, ಮರದ ಬೀರುವಿನಂಥ ಆರ್ಗನ್ ಅದು. ಅದರ ತಂತಿವಾದ್ಯದ ಸ್ವರವನ್ನು ಝಾರ್ ‘ಸ್ಮಾಲ್ ಸ್ಟೋನ್’ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ಹಾಯಿಸಿದರು. ಗಿಟಾರ್ ನುಡಿಸುವವರು ಕಾಲಿನಲ್ಲಿ ಒತ್ತಿ ಬಳಸುವ ಪೆಟ್ಟಿಗೆ ಅದು. ಸ್ವರವನ್ನು ನಿಧಾನವಾಗಿ ಬಾಗಿಸುತ್ತ, ಸುಳಿ ಎಬ್ಬಿಸುತ್ತದೆ. ನಿಂತ ಶ್ರುತಿ ಒಳಗೊಳಗೇ ಸುತ್ತುತ್ತಿದ್ದಂತೆ ಕೇಳಿದ್ದು ಈ ಕಾರಣದಿಂದ. ಗಾಳಿ, ಅಲೆ, ಹಕ್ಕಿಯ ಸದ್ದುಗಳು ಬ್ರಿಟನ್ನಿನ ವಿಸಿಎಸ್3 ಸಿಂಥಸೈಜರಿನವು. ಆ ಸಿಂಥಸೈಜರನ್ನೂ ಈ ಪುಟ್ಟ ಪೆಟ್ಟಿಗೆಯನ್ನೂ ರೂಪಿಸಿದ್ದು ಒಬ್ಬರೇ, ಡೇವಿಡ್ ಕಾಕರೆಲ್ ಎಂಬ ಎಂಜಿನಿಯರ್. ಆಲ್ಬಮ್ಮಿನ ಕಾಗದದ ಮೇಲೆ ಇಂಥವರ ಹೆಸರು ಇರುವುದಿಲ್ಲ. ಸರ್ಕ್ಯೂಟ್ ಬಿಚ್ಚಿ ನೋಡುವ ನನ್ನಂಥವರಾದರೂ ಅದನ್ನು ಹೇಳಬೇಕು.

ವಿಸಿಎಸ್3ರಲ್ಲಿ ಸದ್ದು ಕಟ್ಟುವುದು ಒಂದು ಚೌಕದ ತೂತುಗಳಿಗೆ ಪಿನ್ನು ಚುಚ್ಚಿ. ಚೌಕಾಬಾರದ ಮನೆಯ ಹಾಗೆ ಉದ್ದಕ್ಕೂ ಅಡ್ಡಕ್ಕೂ ಸಾಲು. ಯಾವ ಮನೆಗೆ ಪಿನ್ನು ಬಿತ್ತೋ ಆ ಎರಡು ಸಾಲು ಕೂಡಿಕೊಳ್ಳುತ್ತವೆ. ಪಿನ್ನು ಕಿತ್ತರೆ ಸದ್ದು ಹೋಯಿತು. ನೆನಪಿಟ್ಟುಕೊಳ್ಳಲು ಯಂತ್ರದೊಳಗೆ ಏನೂ ಇಲ್ಲ. ಅವರ ಬಳಿ ಇದ್ದ ಅಮೆರಿಕದ ಎಆರ್‌ಪಿ 2600 ಕೂಡ ಅಂಥದ್ದೇ, ವೈರು ಚುಚ್ಚಿ ಗುಂಡಿ ತಿರುಗಿಸಿ ಕಟ್ಟಬೇಕು. ನಿನ್ನೆ ಸಿಕ್ಕ ಸದ್ದು ಇವತ್ತು ಅದೇ ರೀತಿ ಸಿಗುವ ಭರವಸೆ ಇಲ್ಲ. ಕೋಣೆ ಬಿಸಿಯಾದರೆ ಶ್ರುತಿಯೂ ಜಾರುತ್ತದೆ.

ತಾಳದ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಕೊರ್ಗ್ ಮಿನಿಪಾಪ್ಸ್ ಎಂಬ ಜಪಾನಿ ತಾಳದ ಪೆಟ್ಟಿಗೆಯಲ್ಲಿ ಸಾಲಾಗಿ ಗುಂಡಿಗಳು. ಒಂದಕ್ಕೆ ವಾಲ್ಟ್ಜ್, ಒಂದಕ್ಕೆ ರಾಕ್, ಒಂದಕ್ಕೆ ಬೊಸ್ಸಾನೋವಾ. ಒಂದು ಒತ್ತಿದರೆ ಮೊದಲು ಒತ್ತಿದ್ದು ಮೇಲೆ ಜಿಗಿಯುತ್ತದೆ. ಎರಡು ತಾಳ ಒಟ್ಟಿಗೆ ಬೇಕೆಂದು ಝಾರ್ ಎರಡು ಗುಂಡಿ ಒತ್ತಿ ಅವುಗಳ ಮೇಲೆ ಅಂಟುಟೇಪು ಹಚ್ಚಿಬಿಟ್ಟರು. ಅವರೇ ಸಂದರ್ಶನಗಳಲ್ಲಿ ಹೇಳಿದ ಮಾತು ಇದು. ಅದನ್ನು ಓದಿದ ದಿನ ನಾನು ಅಂಗಡಿಯಲ್ಲಿ ಕೆಲಸ ನಿಲ್ಲಿಸಿ ಸುಮ್ಮನೆ ಕೂತೆ. ಪ್ಲೇ ಗುಂಡಿ ನಿಲ್ಲದ ಟೇಪ್‌ರೆಕಾರ್ಡರಿಗೆ ಬೆಂಕಿಕಡ್ಡಿ ಸಿಕ್ಕಿಸಿ ಕೊಟ್ಟ ಗಿರಾಕಿಗಳು ನನಗೆ ಎಷ್ಟಿಲ್ಲ. ಬಾರದ ಕಾಲದ ಸದ್ದು ಎಂದು ನಾನು ನಂಬಿದ್ದ ಸಂಗೀತಕ್ಕೂ ಅಂಥದೇ ಒಂದು ಉಪಾಯ ಆಧಾರವಾಗಿತ್ತು.

ಪ್ರತಿಧ್ವನಿಗೆ ಅವರು ಬಳಸಿದ್ದು ರೆವಾಕ್ಸ್ ಟೇಪ್ ಯಂತ್ರಗಳನ್ನು. ಸ್ವರ ಟೇಪಿನ ಮೇಲೆ ಬೀಳುವ ಜಾಗಕ್ಕೂ ಅದನ್ನು ಓದುವ ಹೆಡ್ಡಿಗೂ ನಡುವೆ ಇರುವ ದೂರವೇ ತಡ. ಗದ್ದೆಯಾಚೆ ಆಟ ನಡೆಯುವಾಗ ಚೆಂಡೆಯ ಕೋಲು ಬಿದ್ದದ್ದು ಮೊದಲು ಕಂಡು, ಪೆಟ್ಟು ಆಮೇಲೆ ಕೇಳುತ್ತದಲ್ಲ, ಹಾಗೆ. ಒಂದು ಸ್ವರ ನುಡಿಸಿದರೆ ಅದರ ನೆರಳು ಮತ್ತೆ ಮತ್ತೆ ಬಂದು ಖಾಲಿ ಜಾಗವನ್ನು ತುಂಬುತ್ತದೆ. ಎಂಟೇ ಓಣಿಯಲ್ಲಿ ಅಷ್ಟು ವಿಸ್ತಾರ ಸಾಧ್ಯವಾದದ್ದು ಇದರಿಂದಾಗಿ.

ಆಲ್ಬಮ್ ತಯಾರಾದರೂ ಕೊಳ್ಳುವವರಿರಲಿಲ್ಲ. ಕಂಪನಿಗಳು ಒಂದರ ಹಿಂದೆ ಒಂದು ಬೇಡ ಎಂದವು. ಹಾಡುಗಾರನಿಲ್ಲ, ಡ್ರಮ್ಮರ್ ಇಲ್ಲ, ರೇಡಿಯೋದಲ್ಲಿ ಹಾಕಲು ಮೂರು ನಿಮಿಷದ ಹಾಡಿಲ್ಲ. ಝಾರ್ ಅವರ ತಾಯಿ ಫ್ರಾನ್ಸ್ ಪೆಜೋ, ನಾತ್ಸಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ ದಿಟ್ಟೆ, ಅವರೂ ಮಗನನ್ನು ಕೇಳಿದರಂತೆ, ಅನಿಲದ ಹೆಸರಿಟ್ಟು ಮೇಲೆ ತಲೆಬುರುಡೆ ಯಾಕೆ ಹಾಕುತ್ತೀ ಎಂದು. ಆ ಬುರುಡೆಯ ಚಿತ್ರ ಮಿಷೆಲ್ ಗ್ರಾಂಜೆ ಅವರದು. ಕೋಡಿಯಲ್ಲಿ ನನ್ನ ಅಮ್ಮ ಕೇಳಿದ್ದಕ್ಕೂ ಪ್ಯಾರಿಸಿನಲ್ಲಿ ಆ ತಾಯಿ ಕೇಳಿದ್ದಕ್ಕೂ ಬಹಳ ಅಂತರವಿಲ್ಲ. ಕೊನೆಗೆ ಫ್ರಾನ್ಸಿಸ್ ದ್ರೇಫಸ್ ಎಂಬ ಸಣ್ಣ ಪ್ರಕಾಶಕರು ಧೈರ್ಯ ಮಾಡಿದರು. 1976ರ ಡಿಸೆಂಬರಿನಲ್ಲಿ ಫ್ರಾನ್ಸಿನಲ್ಲಿ ಹೊರಬಂತು. ಮರುವರ್ಷ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ನಾಲ್ಕನೇ ಭಾಗ ಬಿಡಿ ಹಾಡಾಗಿ ಅಲ್ಲಿ ನಾಲ್ಕನೇ ಸ್ಥಾನ ಮುಟ್ಟಿತು. ಜಗತ್ತಿನಾದ್ಯಂತ ಒಂದು ಕೋಟಿ ಮೀರಿ ಮಾರಾಟವಾಯಿತು. 1979ರ ಜುಲೈ 14ರಂದು ಪ್ಯಾರಿಸಿನ ಪ್ಲಾಸ್ ದ ಲಾ ಕೊಂಕೋರ್ಡ್‌ನಲ್ಲಿ ಝಾರ್ ನುಡಿಸಿದಾಗ ಹತ್ತು ಲಕ್ಷ ಜನ ಸೇರಿದ್ದರು. 1981ರಲ್ಲಿ ಚೀನಾಕ್ಕೂ ಹೋಗಿ ನುಡಿಸಿ ಬಂದರು. ಅದೇ ವರ್ಷ ಬಂದ ‘ಗಲಿಪೊಲಿ’ ಸಿನಿಮಾದಲ್ಲಿ, ಮೊದಲ ಮಹಾಯುದ್ಧದ ಹುಡುಗರು ಓಡುವಾಗ, ಹಿನ್ನೆಲೆಗೆ ‘ಆಕ್ಸಿಜೆನ್’ನ ಎರಡನೇ ಭಾಗ ಇದೆ.

ಇಷ್ಟು ಎತ್ತರ ಏರಿದ್ದು ಇಳಿದದ್ದು ಹೇಗೆ? ಬ್ರಿಟನ್ನಿನಲ್ಲಿ ಅದು ಗೆದ್ದ 1977 ಪಂಕ್ ಸಂಗೀತದ ವರ್ಷವೂ ಹೌದು. ಸಿಟ್ಟು, ಕೂಗು, ಮೂರೇ ಸ್ವರಗುಚ್ಛಗಳ ಗಿಟಾರಿನ ಕಾಲದಲ್ಲಿ ಗಾಳಿಯಂತೆ ತೇಲುವ ಸಂಗೀತ ಕೆಲವರಿಗೆ ಸೋಮಾರಿತನವಾಗಿ ಕೇಳಿಸಿತು. ಆದರೆ ನಮ್ಮೂರಿಗೆ ಪಂಕ್ ಬರಲೇ ಇಲ್ಲ. ನನ್ನ ಕಿವಿ ಬದಲಾದದ್ದು ಬೇರೆ ದಾರಿಯಲ್ಲಿ.

1983ರಲ್ಲಿ ಯಮಾಹಾ ಡಿಎಕ್ಸ್7 ಬಂತು. ಒಂದು ಕೀಬೋರ್ಡಿನ ಮಾತು ಇನ್ನೊಂದಕ್ಕೆ ತಿಳಿಯುವ ಮಿಡಿ ಪದ್ಧತಿಯೂ ಆಗಲೇ ಬಂತು. ಸದ್ದು ಕಟ್ಟಬೇಕಿಲ್ಲ, ಒಳಗೇ ಸಾಲಾಗಿ ಇಟ್ಟಿರುತ್ತದೆ, ಗುಂಡಿ ಒತ್ತಿದರೆ ಸಾಕು. ಎಂಬತ್ತರ ದಶಕದ ಕೊನೆಗೆ ನಮ್ಮ ಕರಾವಳಿಯ ಪ್ರತಿ ಆರ್ಕೆಸ್ಟ್ರಾ ತಂಡದಲ್ಲೂ ಕ್ಯಾಸಿಯೋ ಇತ್ತು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖ ಅವರ ಆ ಹಾಡುಗಳು ನನ್ನ ಅಂಗಡಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನುಡಿದವು. ಸಿಂಥಸೈಜರ್ ಈಗ ಕನ್ನಡದಲ್ಲಿ ಕುಣಿಯುತ್ತಿತ್ತು. ಮದುವೆಮನೆಯಲ್ಲಿ, ಗಣೇಶೋತ್ಸವದಲ್ಲಿ, ಟಿವಿ ಜಾಹೀರಾತಿನಲ್ಲಿ ಎಲ್ಲೆಲ್ಲೂ ಅದೇ ಸದ್ದು. ಸುತ್ತ ಕೇಳುವುದೆಲ್ಲ ಅದೇ ಆದ ಮೇಲೆ ಬಾರದ ಕಾಲದ ಸೆಳೆತ ಉಳಿಯುವುದೆಲ್ಲಿ?

ಅದೇ ಹೊತ್ತಿಗೆ ನನಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನದ ಹುಚ್ಚು ಹಿಡಿಯಿತು. ಆ ರುಚಿ ಹತ್ತಿಸಿದ ಗೆಳೆಯನೊಬ್ಬ ಒಂದು ಸಂಜೆ ‘ಆಕ್ಸಿಜೆನ್’ ಕೇಳಿ, "ಇದರಲ್ಲಿ ಮನುಷ್ಯರೇ ಇಲ್ಲವಲ್ಲ ಮಾರಾಯ" ಎಂದ. ನನಗೆ ಎದುರು ಹೇಳಲು ಮಾತಿರಲಿಲ್ಲ. ನಾನೂ ಹಾಗೆಯೇ ನಂಬಿದ್ದೆನಲ್ಲ. ಯಂತ್ರ ತಾನೇ ನುಡಿದದ್ದು ಎಂದು ಯಾವುದನ್ನು ಮೆಚ್ಚಿದ್ದೆನೋ, ಅದೇ ಕಾರಣಕ್ಕೆ ಅದನ್ನು ದೂರ ಮಾಡಿದೆ. ಮನ್ಸೂರರ ಒಂದು ಉಸಿರಿನ ಎದುರು ಅದು ತಣ್ಣಗೆ, ತೆಳ್ಳಗೆ ಕೇಳಿಸಿತು. ಕ್ಯಾಸೆಟ್ಟು ಬಿಸ್ಕತ್ತಿನ ಡಬ್ಬಿಯೊಳಗೆ ಅಟ್ಟ ಸೇರಿತು. ಮೂವತ್ತು ವರ್ಷ ಅಲ್ಲೇ ಇತ್ತು.

ಜಗತ್ತಿನಲ್ಲಿ ಅಷ್ಟರಲ್ಲಿ ರುಚಿ ಮತ್ತೊಂದು ಸುತ್ತು ತಿರುಗಿತ್ತು. 1998ರಲ್ಲಿ ‘ಏರ್’ ಎಂಬ ಫ್ರೆಂಚ್ ಜೋಡಿಯ ‘ಮೂನ್ ಸಫಾರಿ’ ಬಂದಾಗ ಹಳೆಯ ಅನಲಾಗ್ ವಾದ್ಯಗಳ ಬೆಚ್ಚನೆಯ ಸದ್ದನ್ನು ಹೊಸ ತಲೆಮಾರು ಹುಡುಕಿಕೊಂಡು ಬಂದಿತ್ತು. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ.

2022ರ ಆಷಾಢದಲ್ಲಿ ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಅವಳಜ್ಜನ ಕ್ಯಾಸೆಟ್ ಡೆಕ್ಕು ತಂದಳು. ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಕೆರೆದು, ಸ್ಪಿರಿಟಿನಲ್ಲಿ ಒರೆಸಿ, ಹೊಸ ಬೆಲ್ಟು ಹಾಕಿ, ಪರೀಕ್ಷೆಗೆ ಒಂದು ಕ್ಯಾಸೆಟ್ ಬೇಕಾಯಿತು. ಅಟ್ಟದ ಡಬ್ಬಿ ಇಳಿಸಿದೆ. ಕೈಗೆ ಬಂದದ್ದು ಸುಲಿದ ಭೂಮಿ.

ಅಷ್ಟರಲ್ಲಿ ನನಗೆ ಅಂಟುಟೇಪಿನ ಕತೆ ತಿಳಿದಿತ್ತು, ಪಿನ್ನುಗಳ ಕತೆ ತಿಳಿದಿತ್ತು. ಆದರೆ ತಿಳಿಯುವುದು ಬೇರೆ, ಕೇಳುವುದು ಬೇರೆ. ಎರಡನೇ ಭಾಗದಲ್ಲಿ ರಾಗದ ಸ್ವರವೊಂದು ಮೇಲೇರುವಾಗ ಅದನ್ನು ಬೆರಳೊಂದು ಒತ್ತಿ ಏರಿಸುತ್ತಿದೆ ಎಂದು ಮೊದಲ ಬಾರಿ ಕೇಳಿಸಿತು. ತಾಳದ ಪೆಟ್ಟಿಗೆ ತಪ್ಪದೆ ಟಿಕ್ಕೆನ್ನುತ್ತದೆ, ಅದರ ಮೇಲೆ ಕೈ ಒಂದು ಕೂದಲೆಳೆ ಹಿಂದೆ, ಒಂದು ಕೂದಲೆಳೆ ಮುಂದೆ. ಯಂತ್ರ ತನ್ನ ಹಾದಿಯಲ್ಲಿ, ಮನುಷ್ಯ ಅದರ ಪಕ್ಕದಲ್ಲಿ. ಮದ್ದಳೆಯ ಜೊತೆ ಭಾಗವತರು ಎಳೆದು ಬಿಟ್ಟು ಹಾಡುವಾಗ ಇರುವಂಥ ಸಲಿಗೆ ಅದು. ಹದಿನೆಂಟರಲ್ಲಿ ಇದು ನನಗೆ ಕೇಳಿಸಲಿಲ್ಲ. ಗೆಳೆಯ ಮನುಷ್ಯರಿಲ್ಲ ಎಂದಾಗಲೂ ಕೇಳಿಸಲಿಲ್ಲ. ಕಂಪ್ಯೂಟರು ಒಂದು ಎಳೆಯೂ ತಪ್ಪದಂತೆ ಜೋಡಿಸಿದ ಸಂಗೀತವನ್ನು ಮೂವತ್ತು ವರ್ಷ ಕೇಳಿದ ಮೇಲೆ ಮಾತ್ರ ಕಿವಿಗೆ ಈ ತಪ್ಪು ತಿಳಿಯುವ ಶಕ್ತಿ ಬಂತು.

ಎಲ್ಲವೂ ಉಳಿದಿದೆ ಎಂದು ಹೇಳಲಾರೆ. ಎಲ್ಲರಿಗೂ ಗೊತ್ತಿರುವ ನಾಲ್ಕನೇ ಭಾಗ ಈಗ ನನಗೆ ಸಪ್ಪೆ. ಅದರ ರಾಗ ಮೊದಲ ಸಲಕ್ಕೇ ಪೂರ್ತಿ ಸಿಕ್ಕಿಬಿಡುತ್ತದೆ, ಎರಡನೇ ಸಲಕ್ಕೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಆಗ ಬೇಸರ ತರಿಸಿದ್ದ ಐದನೆಯದು, ಹತ್ತು ನಿಮಿಷದ್ದು, ಈಗ ಇಡೀ ಆಲ್ಬಮ್ಮಿನ ಹೃದಯವಾಗಿ ಕಾಣುತ್ತದೆ. ಅರ್ಧದವರೆಗೆ ವಿಲಂಬದಲ್ಲಿ ಎಲ್ಲಿಗೂ ಹೋಗದಂತೆ ನಿಂತು, ಆಮೇಲೆ ಒಂದೇ ಗುಚ್ಛ ಸುತ್ತಿ ಸುತ್ತಿ ವೇಗ ಹಿಡಿಯುತ್ತದೆ. ವಿಲಂಬ ಕಾಯಲು ಕಲಿಸಿದ್ದು ಮನ್ಸೂರರು. ಅವರಿಂದ ಕಲಿತ ತಾಳ್ಮೆಯಿಂದಲೇ ನಾನು ಇದಕ್ಕೆ ಮರಳಿದೆ.

ಮತ್ತೆ ಆರನೆಯದು. ಅಲೆ ಬಂದು ಒಡೆಯುತ್ತದೆ, ಕಡಲಹಕ್ಕಿಯಂಥದ್ದೇನೋ ಕೂಗುತ್ತದೆ. ಅದು ನಿಜವಾದ ಕಡಲಲ್ಲ. ರೇಡಿಯೋದಲ್ಲಿ ಎರಡು ಸ್ಟೇಷನ್ನಿನ ನಡುವೆ ಬರುವ ಸೊಯ್ಯನೆಯ ಸದ್ದನ್ನು ಫಿಲ್ಟರಿನ ಗುಂಡಿ ಹಿಡಿದು ಮೆಲ್ಲಗೆ ತೆರೆದು ಮುಚ್ಚಿದರೆ ಅಲೆಯಾಗುತ್ತದೆ. ಹುಡುಗನಾಗಿದ್ದಾಗ ಕಿಟಕಿಯಾಚೆಯ ನಿಜವಾದ ಕಡಲಿನೊಡನೆ ಅದನ್ನು ಹೋಲಿಸಿ, ಇದು ಹೆಚ್ಚು ಶುದ್ಧ ಎಂದುಕೊಂಡಿದ್ದೆ. ಈಗ ಕೇಳಿದರೆ ಪ್ರತಿ ಅಲೆಯೂ ಬೇರೆ ಬೇರೆ. ಒಂದು ಬೇಗ ಒಡೆಯುತ್ತದೆ, ಒಂದು ತಡೆದು. ಗುಂಡಿಯ ಮೇಲೆ ಕೈ ಇದ್ದುದಕ್ಕೆ ಹಾಗೆ.

2007ರಲ್ಲಿ ಝಾರ್ ತಮ್ಮ ಹಳೆಯ ವಾದ್ಯಗಳನ್ನೇ ಮತ್ತೆ ಹೊರತೆಗೆದು, ಜೊತೆಗಾರರನ್ನು ಕೂರಿಸಿಕೊಂಡು ಇಡೀ ‘ಆಕ್ಸಿಜೆನ್’ ಅನ್ನು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದರು. ಮರುವರ್ಷ ಅದೇ ವಾದ್ಯಗಳೊಂದಿಗೆ ರಂಗಮಂದಿರಗಳಲ್ಲಿ ನುಡಿಸಿದರು. ನಲವತ್ತು ವರ್ಷ ತುಂಬಿದ 2016ರ ಡಿಸೆಂಬರಿನಲ್ಲಿ ಮೂರನೆಯ ‘ಆಕ್ಸಿಜೆನ್’ ಬಂತು. ಎರಡನ್ನೂ ಕೇಳಿದ್ದೇನೆ. 2007ರದ್ದು ಸ್ವಚ್ಛ, ಅಗಲ, ಸ್ವರ ಸ್ವರವೂ ಸ್ಪಷ್ಟ. ಆದರೆ ಆ ಕೈಗಳಿಗೆ ದಾರಿ ಮೊದಲೇ ಗೊತ್ತು. 1976ರ ಕೈಗೆ ಗೊತ್ತಿರಲಿಲ್ಲ. ನನ್ನ ತೀರ್ಪು ಅಡುಗೆಮನೆಯ ಪರವಾಗಿಯೇ.

ಹುಡುಗಿಗೆ ಡೆಕ್ಕು ಕೊಡುವಾಗ ಎರಡು ಸೈಡೂ ಕೇಳಿಸಿದೆ. ಅವಳು ಮೊಬೈಲ್ ಒಳಗಿಟ್ಟು ಪೂರ್ತಿ ಕೇಳಿ, ಕೊನೆಯ ಅಲೆ ನಿಂತ ಮೇಲೆ, "ಹಿಂದೆ ಸೊಯ್ ಅಂತ ಇದೆಯಲ್ಲ ಸಾರ್, ಅದೂ ಅವರೇ ಮಾಡಿದ್ದಾ?" ಎಂದಳು. ಅದು ಬಹರೈನಿನ ಅಂಗಡಿಯವನ ಕ್ಯಾಸೆಟ್ಟಿನ ಟೇಪಿನ ಸದ್ದು. ಝಾರ್ ಅವರ ಕಡಲೂ ಆ ಸದ್ದಿನಿಂದಲೇ ಆದದ್ದು. ನನ್ನ ಪ್ರತಿಯಲ್ಲಿ ಎರಡೂ ಬೆರೆತು ಎಲ್ಲಿ ಯಾವುದು ಮುಗಿಯುತ್ತದೆಂದು ನನಗೇ ಹೇಳಲಾಗದು.

ನಿಮ್ಮ ಅಟ್ಟದಲ್ಲೂ ಇಂಥ ಡಬ್ಬಿಯೊಂದು ಇದ್ದರೆ ಒಂದು ಮಾತು. ತೆಗೆದ ಕೂಡಲೇ ಯಂತ್ರಕ್ಕೆ ಹಾಕಬೇಡಿ. ಕರಾವಳಿಯ ತೇವಕ್ಕೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಬೂಷ್ಟು ಕಂಡರೆ ಕೆಲಸ ಬಲ್ಲವರ ಬಳಿ ಒಯ್ಯಿರಿ, ಹಾಗೇ ಓಡಿಸಿದರೆ ಹೆಡ್ಡೂ ಕೆಡುತ್ತದೆ, ಟೇಪೂ ಹರಿಯುತ್ತದೆ. ಬೂಷ್ಟಿಲ್ಲದಿದ್ದರೆ ಪೆನ್ಸಿಲು ತೂರಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸುತ್ತಿ, ಅಂಟಿದ ಪದರ ಬಿಡಲಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಉದುರಿಲ್ಲವೇ ನೋಡಿ. ಆಮೇಲೆ ಹಾಕಿ, ಎರಡೂ ಸೈಡು ಪೂರ್ತಿ ಕೇಳಿ.